ಲಗಮಣ್ಣ ಕೊಯ್ದು ನೋಡಿದ ಮೀನು

ದಡ್ಡಿ ಊರಿನ ಲಗಮಣ್ಣ ಯಾವುದನ್ನೂ ಒಂದೇ ಸಲಕ್ಕೆ ಒಪ್ಪಿದವನಲ್ಲ. ಬದನೆಕಾಯಿಯ ತೊಟ್ಟು ಎತ್ತಿ ನೋಡುತ್ತಾನೆ, ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುತ್ತಾನೆ, ಕಂಡಕ್ಟರು ಹೇಳಿದ ಮೇಲೆ ಒಳಗೆ ಕೂತವರನ್ನೂ ಕೇಳುತ್ತಾನೆ. ನಡೆಯುವಾಗ ಹತ್ತು ಹೆಜ್ಜೆಗೊಮ್ಮೆ ಹಿಂದಿರುಗಿ ನೋಡಿ ನೋಡಿ ಅವನ ಕುತ್ತಿಗೆ ತುಸು ವಾರೆಯಾಗಿದೆ. ನಾನು ಇಪ್ಪತ್ತು ವರ್ಷದ ಗೆಳೆಯ. ನಾನು ಕೊಟ್ಟ ಚಹಾವನ್ನೂ ಮೂಸಿಯೇ ಕುಡಿಯುತ್ತಾನೆ. ಆದರೆ ಹುಟ್ಟಿನಿಂದ ಘಟಪ್ರಭೆಯಲ್ಲಿ ಬಲೆ ಬೀಸಿದವನು. ಹುಕ್ಕೇರಿ ಸಂತೆಯಲ್ಲಿ ಮೀನಿನ ಕಿವಿರು ಎತ್ತಿ 'ನಿನ್ನಿ ಮೀನಿದು' ಅಂದನೆಂದರೆ ಆ ಬುಟ್ಟಿಯ ಮುಂದೆ ಯಾರೂ ನಿಲ್ಲುವುದಿಲ್ಲ.

ಹೋದ ವರ್ಷ ಮೀನು ಮಾರುವ ಕಾಡವ್ವ ಹೊಳೆಮೀನು ಬಿಟ್ಟು ಮೊದಲ ಸಲ ಕಾರವಾರದಿಂದ ಸಮುದ್ರದ ಮೀನು ತರಿಸಿ ಸಂತೆಯಲ್ಲಿ ಕೂತಳು. ಲೆಪ್ಪೆ ಅಂತ ಅದರ ಹೆಸರು. ಗೇಣುದ್ದ, ನಾಲಿಗೆಯಂತೆ ಚಪ್ಪಟೆ, ಒಂದು ಮೈ ಕಂದು, ಇನ್ನೊಂದು ಮೈ ಬಿಳಿ. ಲಗಮಣ್ಣ ಒಂದನ್ನು ಎತ್ತಿ ತಿರುವಿದ. ಬಿಳಿ ಮಗ್ಗುಲಿಗೆ ಕಣ್ಣೇ ಇರಲಿಲ್ಲ.

"ಸೀಳಿದ ಮೀನೈತಿ ಇದು. ಉಳಿದ ಅರ್ಧಾ ಯಾರಿಗೆ ಮಾರಿ ಬಂದಿ?"

"ಇಡೀ ಮೀನರಿ ಕಾಕಾ. ಎರಡೂ ಕಣ್ಣು ಮ್ಯಾಲಿನ ಮಗ್ಗಲಕ್ಕ ಅದಾವ ನೋಡ್ರಿ."

"ಒಂದ ಕಡೆ ಎರಡು ಕಣ್ಣು? ನನಗ ಹೇಳಾಕ ಬರಬ್ಯಾಡ."

"ಸಮುದ್ರದ ತಳದಾಗ ಉಸುಕು ಹೊದ್ದು ಮಲಗತೈತ್ರಿ. ಕೆಳಗ ಕಣ್ಣಿಟ್ಕೊಂಡು ಉಸುಕು ಎಣಸಬೇಕೇನ್ರಿ ಅದು?"

ಯಾರೋ ನಕ್ಕರು, ಕೊಳ್ಳಲಿಲ್ಲ. ಮುಂದೆ ಬಂದವರು ಹಿಂದೆ ಸರಿದರು. ನಾನೂ ಚೀಲ ಮಡಚಿದೆ. ಬುಟ್ಟಿಯ ಬರ್ಫ ನೀರಾಗುತ್ತಿತ್ತು. ಮೀನು ಕೆಟ್ಟರೆ ಒಂದು ದಿನದ ನಷ್ಟ. ಮೋಸಗಾತಿ ಅನ್ನಿಸಿಕೊಂಡರೆ ಸಂತೆಯಲ್ಲಿ ಅವಳು ಕೂಡುವ ಜಾಗವೇ ಹೋಗುತ್ತಿತ್ತು. ಕಾಡವ್ವ ಈಳಿಗೆಯನ್ನು ಲಗಮಣ್ಣನ ಕಡೆ ಸರಿಸಿದಳು.

"ನೀವ ಕೊಯ್ರಿ."

ಅಡ್ಡ ಕೊಯ್ದ. ನಟ್ಟನಡುವೆ ಮುಳ್ಳು, ಅದರ ಮೇಲೂ ಕೆಳಗೂ ಮಾಂಸ. ಸೀಳಿದ ಮೀನಾಗಿದ್ದರೆ ಮುಳ್ಳು ಒಂದು ಮೈಗೆ ಹತ್ತಿಕೊಂಡಿರಬೇಕಿತ್ತು. ಅದೊಂದೇ ಹಾಗಿರಬಹುದೆಂದು ಇನ್ನೊಂದನ್ನೂ ಕೊಯ್ದ. ಆಮೇಲೆ ಬುಟ್ಟಿಯ ಬಾಜೂ ನಿಂತು, ತುಂಡು ಎತ್ತಿ ಹಿಡಿದು, ಬಂದವರಿಗೆಲ್ಲ ಹೇಳತೊಡಗಿದ:

"ತಪ್ಪು ನಂದ. ಇಡೀ ಮೀನೈತಿ. ಮುಳ್ಳು ಮುಟ್ಟಿ ನೋಡ್ರಿ."

ಮಧ್ಯಾಹ್ನದೊಳಗೆ ಬುಟ್ಟಿ ಖಾಲಿಯಾಯಿತು. ಕೊಯ್ದ ಎರಡನ್ನೂ ಅವನೇ ಕೊಂಡ. ಆಗಲೂ ತಕ್ಕಡಿಯ ತಳ ಎತ್ತಿ ನೋಡುವುದನ್ನು ಮಾತ್ರ ಬಿಡಲಿಲ್ಲ.

ಸುಲಭವಾಗಿ ನಂಬುವವರು ಒಳ್ಳೆಯವರು ಅಂದುಕೊಂಡಿದ್ದೆ. ಆ ದಿನ ನಾವು ಲಗಮಣ್ಣನ ಸಂಶಯವನ್ನೂ ಅಷ್ಟೇ ಸುಲಭವಾಗಿ ನಂಬಿದೆವು. ಸಂಶಯದ ಜನ ನೋಯಿಸುತ್ತಾರೆ, ಖರೆ. ಆದರೆ ತಾವು ತಪ್ಪಿದ್ದು ಕಂಡಾಗ ಊರ ಮುಂದೆ ನಿಂತು ಹೇಳುವವರೂ ಅವರೇ. ನಂಬಿ ಹಿಂದೆ ಸರಿದ ನಾವು ಯಾರೂ ಕಾಡವ್ವನಿಗೆ ತಪ್ಪಾಯಿತು ಅನ್ನಲಿಲ್ಲ.