ಶುಕೂರ್ ಯಾವ ಊರಿನವ?

“ಮಳೆಗೆ ಮುಂಚೆ ಬರ್ತೇನೆ. ಈ ಭರಣಿ ತುಂಬ ಖರ್ಜೂರ ತರ್ತೇನೆ.” ಹೆಂಡತಿ ನಬೀಸಾಳಿಗೆ ಹೀಗೆ ಮಾತು ಕೊಟ್ಟು ಶುಕೂರ್ ಆಳಾಗಿ ಸರಕಿನ ಮಂಜಿ ಹತ್ತಿದ್ದ. ಸ್ವಾತಂತ್ರ್ಯ ಬಂದ ವರ್ಷ ಅದು. ಆಗ ಮಂಗಳೂರಿನ ಬಂದರಿನಲ್ಲಿ ಹಾಯಿ ಕಟ್ಟಿದ ಮಂಜಿಗಳು ಸಾಲಾಗಿ ನಿಲ್ಲುತ್ತಿದ್ದವು. ಹೆಂಚು ಹೇರುವವರ ಕೂಗು, ಒಣಮೀನಿನ ವಾಸನೆ, ಮಂಜಿ ತಂಗುವ ದಕ್ಕೆಯಲ್ಲಿ ಕುಳಿತರೆ ಹತ್ತು ಊರಿನ ಸುದ್ದಿ. ಈಗ ಅದೆಲ್ಲ ಎಲ್ಲಿ?

ಮಳೆ ಹಿಡಿಯಿತು. ಮಂಜಿ ಬಂತು, ಶುಕೂರ್ ಬರಲಿಲ್ಲ. ಜೊತೆಗಾರ ನೂರ್ ಮುಹಮ್ಮದ್ ಮನೆಗೆ ಬಂದು ತಲೆ ತಗ್ಗಿಸಿ ಹೇಳಿದ: ಕೊಲ್ಲಿಯ ಬಂದರಿನಲ್ಲಿ ಕಾಗದವಿಲ್ಲದೆ ಪೇಟೆಗೆ ಇಳಿದದ್ದಕ್ಕೆ ಪೊಲೀಸರು ಹಿಡಿದು ಜೈಲಿಗೆ ಹಾಕಿದರು. ಕಾಗದ ಮಂಜಿಯ ಮುಖ್ಯಸ್ಥ ತಂಡೇಲನ ಪೆಟ್ಟಿಗೆಯಲ್ಲಿತ್ತು. ಗಾಳಿ ತಿರುಗುತ್ತದೆಂದು ತಂಡೇಲ ಕಾಯದೆ ಹಾಯಿ ಎತ್ತಿದ.

“ಯಾರಿಗೂ ಹೇಳ್ಬೇಡ,” ಎಂದಳು ಅತ್ತೆ ಪಾತುಮ್ಮ. ಕೇಳಿದವರಿಗೆಲ್ಲ “ಬೇರೆ ಮಂಜಿಯಲ್ಲಿದ್ದಾನೆ” ಎಂಬುದೇ ಉತ್ತರ. ನಾಲ್ಕು ತಿಂಗಳು ಹೀಗೆ ಕಳೆಯಿತು. ಕೊನೆಗೆ ನಬೀಸಾ ಬಾವಿಕಟ್ಟೆಯಲ್ಲಿ ನೆರೆಮನೆಯ ಶಾಲೆ ಟೀಚರ್ ಉರ್ಸುಲಾ ಬಾಯಿಯೆದುರು ಅತ್ತುಬಿಟ್ಟಳು. ಬಾಯಿ ಸಂಜೆಗೇ ಮನೆಗೆ ಬಂದರು.

“ಸರಕಾರಕ್ಕೆ ಬರೆಯುವ. ಹೊರದೇಶದ ಜೈಲಿನಲ್ಲಿರುವ ನಮ್ಮವರನ್ನು ಹೋಗಿ ಕಾಣ್ಲಿಕ್ಕೆ ನಮ್ಮ ಅಧಿಕಾರಿ ಇರ್ತಾರೆ. ಕಾನ್ಸಲ್ ಅಂತ.”

“ಕಂಡು ಎಂತ ಮಾಡ್ತಾರೆ ಬಾಯಿ? ಬೀಗ ಒಡೀತಾರಾ?” ಎಂದಳು ಪಾತುಮ್ಮ.

“ಒಡೆಯೂದಿಲ್ಲ. ಯಾಕೆ ಹಿಡಿದದ್ದು ಅಂತ ಕೇಳ್ತಾರೆ. ವಕೀಲರು ಬೇಕಾದ್ರೆ ಹುಡುಕ್ಲಿಕ್ಕೆ ಸಹಾಯ ಮಾಡ್ತಾರೆ. ಮನೆಗೆ ಸುದ್ದಿ ಮುಟ್ಟಿಸ್ತಾರೆ.”

“ನಮ್ಮ ಮಾನ ಮದ್ರಾಸಿನವರೆಗೆ ಮುಟ್ತದೆ, ಅಷ್ಟೆ.”

ಆದರೂ ಅರ್ಜಿ ಹೋಯಿತು. ಎರಡು ತಿಂಗಳಿಗೆ ಉತ್ತರ ಬಂತು. ಬಾಯಿ ಓದಿ ಹೇಳಿದರು: ಮಂಗಳೂರಿನ ಶುಕೂರ್ ಎಂಬವರು ಆ ಜೈಲಿನ ಪಟ್ಟಿಯಲ್ಲಿಲ್ಲ.

ನಬೀಸಾ ಗೋಡೆಗೆ ಒರಗಿ ಕುಳಿತುಬಿಟ್ಟಳು. ಪಾತುಮ್ಮ ಸೊಸೆಯ ಪಕ್ಕದಲ್ಲಿ ಬಂದು ಕುಳಿತಳು. ಆಮೇಲೆ ಮೆಲ್ಲಗೆ ಅಂದಳು:

“ತಂಡೇಲ ಮಲಬಾರಿನ ಬೇಪೂರಿನವ. ಆಳುಗಳನ್ನೆಲ್ಲ ಕಾಗದದಲ್ಲಿ ಅವನ ಊರಿನವರೆಂದೇ ಬರೆಸೂದು. ಹೊರಗೆ ಕೇಳಿದ್ರೆ ಅವರು ಹೇಳೂದೂ ಹಾಗೆಯೇ. ನನ್ನ ಗಂಡನೂ ಮೂವತ್ತು ವರ್ಷ ಹೊರಗೆಲ್ಲ ಬೇಪೂರಿನವನೇ. ಬೇಪೂರು ಕಣ್ಣಿಂದ ಕಂಡವನಲ್ಲ.”

“ಇದನ್ನು ಮೊದಲೇ ಹೇಳ್ಬಾರದಿತ್ತಾ ಮಾರಾಯ್ತಿ?” ಎಂದರು ಬಾಯಿ.

“ನೀವು ಕೇಳಿದ್ದು ಮನೆ ಎಲ್ಲಿ ಅಂತ.”

ಮಂಜಿಯ ಹೆಸರು, ತಂಡೇಲನ ಹೆಸರು, ಬೇಪೂರು, ಹಿಡಿದ ದಿನ ಎಲ್ಲವನ್ನೂ ಸೇರಿಸಿ ಎರಡನೆಯ ಅರ್ಜಿ ಬರೆದರು. ಈ ಸಲ ಹೆಬ್ಬೆಟ್ಟು ಒತ್ತಿದವಳು ಪಾತುಮ್ಮ. ಕಾನ್ಸಲ್ ಜೈಲಿಗೆ ಹೋದರು. ಬೇಪೂರಿನ ಶುಕೂರ್ ಅಲ್ಲೇ ಇದ್ದ. ಕಾನ್ಸಲರನ್ನು ಕಾಣಬೇಕೆಂದು ಕೇಳಬಹುದು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಮನೆಯವರನ್ನು ಹೊರದೇಶಕ್ಕೆ ಕಳಿಸುವ ಅಕ್ಕ ತಂಗಿಯರೇ, ಅವರ ಕಾಗದಪತ್ರದ ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ. ಹೆಸರು, ಊರು ಅದರಲ್ಲಿ ಹೇಗಿದೆಯೋ ಹಾಗೆಯೇ ಅರ್ಜಿಯಲ್ಲಿ ಬರೆಯಿರಿ. ಯಾರಾದರೂ ಹಿಡಿದರೆ “ನಮ್ಮ ದೇಶದ ಕಾನ್ಸಲರನ್ನು ಕಾಣಬೇಕು” ಎಂದು ಕೇಳಬೇಕೆಂಬುದನ್ನು ಅವರು ಊರು ಬಿಡುವ ಮೊದಲೇ ಹೇಳಿಕೊಡಿ. ಜೈಲಿನ ಸುದ್ದಿ ಬಂದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಪಾತುಮ್ಮ ಮುಚ್ಚಿಟ್ಟ ನಾಲ್ಕು ತಿಂಗಳನ್ನು ಶುಕೂರ್ ಒಳಗೆ ಕಳೆದ.

ಬಿಡುಗಡೆಯಾಗಿ ಅವನು ಬಂದದ್ದು ಮಳೆಗೆ ಮುಂಚೆಯೇ, ಆದರೆ ಮರುವರ್ಷದ ಮಳೆಗೆ. ಖರ್ಜೂರ ತರಲಿಲ್ಲ.