ಕರಿಯನ ಬಾಲದ ಕುಚ್ಚು

ಹುಚ್ಚರಂಗಯ್ಯ ಕಟ್ಟಿದ ಕುಚ್ಚು ನೀರಿಗೆ ಬಿತ್ತೆಂದರೆ ತಿಪಟೂರಿನಿಂದ ಮಾಯಸಂದ್ರದವರೆಗಿನ ಅಷ್ಟೂ ಕೆರೆಗಳ ಕೊರಮೀನುಗಳು ಬಾಯಿ ತೆರೆದುಕೊಂಡು ಏರಿ ಹತ್ತಿ ಬರುತ್ತಿದ್ದವು. ಏರಿ ಹತ್ತುವ ಮಾತು ಬೇಕಾದರೆ ಬಿಡಿ, ಬಾಯಿ ತೆರೆಯುತ್ತಿದ್ದುದಂತೂ ದೇವರಾಣೆ ನಿಜ. ಬೇರೆಯವರು ಗಾಳಕ್ಕೆ ಎರೆಹುಳ ಚುಚ್ಚಿ ದಿನವೆಲ್ಲ ಕೂತು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದರೆ, ಅವನು ಒಂದು ಚಿಟಿಕೆ ಕೂದಲನ್ನು ಕೆಂಪು ದಾರದಲ್ಲಿ ಗಾಳಕ್ಕೆ ಬಿಗಿದು, ಜೇನುಮೇಣ ಸವರಿ, ನೀರಿನ ಮೇಲೆ ಕುಪ್ಪಳಿಸುವ ಹಾಗೆ ಎಳೆಯುತ್ತಿದ್ದ. ಅದು ಇಲಿಮರಿಯೋ ಕಪ್ಪೆಯೋ ಎಂದು ಯೋಚಿಸುವುದಕ್ಕೆ ಮೀನಿಗೆ ಪುರುಸೊತ್ತೇ ಸಿಗುತ್ತಿರಲಿಲ್ಲ.

ಗುಟ್ಟೆಲ್ಲ ಕೂದಲಿನಲ್ಲಿತ್ತು. ಅದಕ್ಕಾಗಿ ಅವನು ಹನ್ನೆರಡು ವರ್ಷ ತಪಸ್ಸು ಮಾಡಿದ್ದ. ಮೊದಲು ಕುರಿಯ ತುಪ್ಪಟ ಕಟ್ಟಿ ನೋಡಿದ. ಅದು ಅರ್ಧ ಕೆರೆ ಕುಡಿದು ಗುಂಡುಕಲ್ಲಿನ ಹಾಗೆ ತಳ ಸೇರಿತು. ಹೋತದ ಗಡ್ಡ ತೇಲಿತು, ಆದರೆ ಮದುವೆ ಮನೆಯಲ್ಲಿ ಮುನಿಸಿಕೊಂಡು ಕೂತ ಬೀಗರ ಹಾಗೆ ಅಲ್ಲಾಡಲೇ ಇಲ್ಲ. ತಿಪಟೂರು ಸ್ಟೇಷನ್ನಿನ ಮುಂದೆ ನಿಂತಿದ್ದ ಜಟಕಾ ಕುದುರೆಯ ಬಾಲದಿಂದ ನಾಲ್ಕೆಳೆ ಕಿತ್ತು ತಂದ. ಕುದುರೆ ಒದ್ದ ಏಟಿಗೆ ಅವನು ಪ್ಲಾಟ್‌ಫಾರಂ ದಾಟಿ ಬಿದ್ದಿದ್ದನಂತೆ. ಕೂದಲು ಮಾತ್ರ ತಂತಿಯ ಹಾಗೆ ಸೆಟೆದು ನಿಂತಿತು. ಹೆಂಡತಿ ಪುಟ್ಟಗಂಗಮ್ಮ ಬಾಚಿ ಗೋಡೆಯ ಸಂದಿಗೆ ಸಿಕ್ಕಿಸಿದ್ದ ತಲೆಗೂದಲನ್ನೂ ಬಿಡಲಿಲ್ಲ. ಒದ್ದೆಯಾದದ್ದೇ ಅದು ಒಂದಕ್ಕೊಂದು ಅಂಟಿ ಸತ್ತ ಹುಳುವಾಯಿತು. ಅಳಿಲಿನ ಬಾಲ ಚೆನ್ನಾಗಿತ್ತು. ಆದರೆ ಅಳಿಲು ಕೊಂದವನಿಗೆ ಅನ್ನ ಬೇಯಿಸುವುದಿಲ್ಲವೆಂದು ಪುಟ್ಟಗಂಗಮ್ಮ ಒಲೆ ಆರಿಸಿ ಕೂತಳು.

ಕೊನೆಗೆ ಸಿಕ್ಕಿದ್ದು ಮನೆಯ ಕೊಟ್ಟಿಗೆಯಲ್ಲೇ. ಮುದಿ ಎತ್ತು ಕರಿಯನ ಬಾಲದ ತುದಿ. ಬುಡದಲ್ಲಿ ಗಟ್ಟಿ, ತುದಿಯಲ್ಲಿ ರೇಷ್ಮೆ. ಬಾನಿಯ ನೀರಿಗೆ ಬಿಟ್ಟರೆ ಉಸಿರಾಡುವ ಹಾಗೆ ಅರಳಿ ಮುಚ್ಚಿಕೊಳ್ಳುತ್ತಿತ್ತು. ಊರವರು ಕೇಳಿದರೆ ಅವನು, "ಮುಂಗುಸಿ ಕೂದ್ಲು ಕಣ್ರಲಾ. ಹಿಡಿಯಾಕೆ ಹೋದ್ರೆ ಕಣ್ಣೇ ಕೀಳ್ತದೆ" ಎನ್ನುತ್ತಿದ್ದ. ಯಾರೂ ಹಿಡಿಯಲು ಹೋಗಲಿಲ್ಲ.

ಕರಿಯ ಪುಟ್ಟಗಂಗಮ್ಮನ ಕೈಯಲ್ಲಿ ಬೆಳೆದವನು. ಹುಟ್ಟಿದ ದಿನವೇ ತಾಯಿ ಸತ್ತಿತ್ತು; ಬಿದಿರಿನ ಗೊಟ್ಟದಲ್ಲಿ ಗಂಜಿ ಹುಯ್ದು ಉಳಿಸಿಕೊಂಡಿದ್ದಳು. ಮಕ್ಕಳಿಲ್ಲದ ಮನೆ. ಹದಿನೆಂಟು ವರ್ಷ ಗಾಡಿ ಎಳೆದು, ಈಗ ತೋಟದ ನೆರಳಲ್ಲಿ ಮೆಲುಕು ಹಾಕುವುದಷ್ಟೇ ಅವನ ಕೆಲಸ. ದಿನಾ ಬೆಳಗ್ಗೆ ಅವಳು ಅವನ ಬಾಲ ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೇ ಕಸಪೊರಕೆ ಹಿಡಿಯುತ್ತಿದ್ದಳು.

ಆ ವರ್ಷ ಆಷಾಢದಲ್ಲಿ ಸೂರ್ಯ ಮುಖ ತೋರಿಸಲಿಲ್ಲ. ಜಿನುಗು ಮಳೆ, ಕೊಳೆತ ತೆಂಗಿನ ಗರಿಯ ವಾಸನೆ, ಊರಿನ ಜನಕ್ಕಿಂತ ಸಾವಿರ ಪಟ್ಟು ನೊಣ. ಪಕ್ಕದ ತೋಟದ ಮುಳ್ಳುತಂತಿ ತಗುಲಿ ಕರಿಯನ ತೊಡೆ ಅಂಗೈಯಗಲ ಕಿತ್ತುಹೋಗಿತ್ತು. ಪುಟ್ಟಗಂಗಮ್ಮ ಬೇವಿನೆಣ್ಣೆ ಸವರುತ್ತ ಗಂಡನಿಗೆ ಹೇಳಿದಳು:

"ನೊಣ ಓಡ್ಸಾಕೆ ಅದ್ಕಿರಾದು ಅದೊಂದೇ ಕೈ ಕಣಯ್ಯ. ಗಾಯ ಮಾಯೋಗಂಟ ಬಾಲದ ಒಂದೆಳೆನೂ ಮುಟ್ಬ್ಯಾಡ."

"ನಾನ್ಯಾಕೆ ಮುಟ್ಲಿ? ಕಟ್ಟಿ ಮಡಗಿರ ಕುಚ್ಚೇ ಒಂದು ಗಾಡಿ ಐತೆ" ಎಂದ ರಂಗಯ್ಯ. ಡಬ್ಬಿಯಲ್ಲಿ ಇದ್ದದ್ದು ಎರಡು.

ಮಾರನೆಯ ದಿನ ತುರುವೇಕೆರೆಯಲ್ಲಿ ಸೈಕಲ್ ಶಾಪ್ ಇಟ್ಟಿದ್ದ ಗೆಳೆಯ ಲಕ್ಷ್ಮಯ್ಯ ಬಂದ.

"ಲೇ ರಂಗ, ಮಾಯಸಂದ್ರದ ಕೆರೇಲಿ ಕೊರಮೀನು ಮರಿ ಮಾಡವೆ ಕಣ್ಲಾ. ಮೇಲೆ ಕೆಂಪಗೆ ಮರಿ ಹಿಂಡು, ಕೆಳಗೆ ಕಾವಲಿಗೆ ತಾಯಿ. ಕುಚ್ಚು ಬಿದ್ದೇಟ್ಗೆ ನುಂಗ್ತದೆ. ಅಲ್ಲಿ ಎಲ್ರೂ ನಿನ್ನ ಹೆಸ್ರೇ ಹೇಳ್ತಾವ್ರೆ. ಒಂದಿಪ್ಪತ್ತು ಇದ್ರೆ ತಗಂಬಾ."

"ಇಪ್ಪತ್ತೇನ್ಲಾ? ಇನ್ನೂರು ತತ್ತೀನಿ!"

"ಬುಡು ಬುಡು, ಮುಂಗುಸಿ ವಂಶಾನೇ ಬೋಳಿಸ್ಬ್ಯಾಡ."

ನಗುವಾಗ ರಂಗಯ್ಯನಿಗೆ ಹೆಂಡತಿಯ ಮಾತು ನೆನಪಾಯಿತು. ಆದರೆ ಆಡಿದ ಮಾತು ಆಡಿಯಾಗಿತ್ತು. ಹೆಂಡತಿ ಸೌದೆಗೆ ಹೋದದ್ದನ್ನು ನೋಡಿಕೊಂಡು ಕತ್ತರಿ ಹಿಡಿದು ಕೊಟ್ಟಿಗೆಗೆ ನುಗ್ಗಿದ. ಬಾಲದ ಹೊರಗಿನ ಕೂದಲನ್ನು ಹಾಗೇ ಬಿಟ್ಟು, ಒಳಗಿನಿಂದ ಚಿಟಿಕೆ ಚಿಟಿಕೆಯಾಗಿ ಕತ್ತರಿಸಿದ. ನೋಡುವವರಿಗೆ ಬಾಲ ತುಂಬಿದ ಹಾಗೇ ಕಾಣಬೇಕು. ಅಂಥ ಜಾಣತನ ಮೈಸೂರು ದಿವಾನರಿಗೂ ಇರಲಿಲ್ಲ. ಮೈ ನೀವುತ್ತಿದ್ದಾನೆಂದುಕೊಂಡು ಕರಿಯ ಕತ್ತು ತಿರುಗಿಸಿ ಅವನ ಮೊಣಕೈ ನೆಕ್ಕಿದ. ಹದಿನೆಂಟು ಕುಚ್ಚಿಗಾಗುವಷ್ಟು ಕೂದಲು ಬಂತು. ಹೊರಗೆ ಉಳಿದದ್ದು ತೆಳ್ಳನೆಯ ಪರದೆ; ಬೀಸಿದರೆ ಗಾಳಿಯೂ ಏಳದು, ನೊಣವೂ ಏಳದು.

ಅಂದೇ ಸಂಜೆ ಹೊರಟವನು ಮಾಯಸಂದ್ರದಲ್ಲಿ ಮೂರು ದಿನ ಅರಸನಾಗಿದ್ದ. ಕೇಳಿದವರಿಗೆಲ್ಲ ಕುಚ್ಚು ಹಂಚಿದ. ಎರಡನೆಯ ದಿನ ಸಿಕ್ಕಿದ ತಾಯಿಮೀನು ತೆಂಗಿನಮರದಷ್ಟು ಉದ್ದವಿತ್ತು. ಅದನ್ನು ದಡಕ್ಕೆ ಎಳೆಯುವಾಗ ಕೆರೆಯ ನೀರು ಒಂದು ಗೇಣು ಇಳಿಯಿತು. ಜನ ಕೇಕೆ ಹಾಕಿದರು. ತಾಯಿ ಹೋದ ಜಾಗದಲ್ಲಿ ಕೆಂಪು ಮರಿಗಳು ಸ್ವಲ್ಪ ಹೊತ್ತು ಸುತ್ತಿ ಸುತ್ತಿ ಚದುರಿಹೋದವು. ರಂಗಯ್ಯ ಅತ್ತ ನೋಡಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಬಸ್ಸಿಳಿದು ಮನೆಗೆ ಬಂದಾಗ ಒಲೆಯಲ್ಲಿ ಹೊಗೆಯಿರಲಿಲ್ಲ. ಕೊಟ್ಟಿಗೆಯಿಂದ, ಗಾಯಕ್ಕೆ ಪುಡಿಮಾಡಿ ಹಾಕಿದ್ದ ನುಸಿಗುಳಿಗೆಯ ಘಾಟು, ಅದರಡಿಯಲ್ಲಿ ಇನ್ನೊಂದು ವಾಸನೆ. ಕರಿಯ ಮಲಗಿದ್ದ. ಗಾಯದ ತುಂಬ ಅರೆದ ಸೀತಾಫಲದ ಸೊಪ್ಪು. ಪುಟ್ಟಗಂಗಮ್ಮ ಬೇವಿನ ಕೊಂಬೆ ಬೀಸುತ್ತ ಕೂತಿದ್ದಳು.

"ಏನಾಯ್ತೇ?"

"ಹುಳ ಬಿದ್ದೋ. ಎಷ್ಟು ತೆಗೆದ್ರೂ ಒಳಗೇ ಹೋಗವೆ. ದನದ ಡಾಕ್ಟ್ರು ಬಂದಿದ್ರು. ತೊಳದ್ರು, ಸೂಜಿ ಹಾಕುದ್ರು. ತಡ ಆಯ್ತು ಕಣಮ್ಮ ಅಂದ್ರು."

ರಂಗಯ್ಯ ಹೆಗಲ ಚೀಲ ಇಳಿಸಿದ.

"ನೀನು ಹೋದ ಮಾರ್ನೇ ದಿನ ಬಾಲ ಮುಟ್ಟಿ ಕಣ್ಗೊತ್ಕಳಾಕೆ ಹೋದೆ. ಕೈಗೆ ಮೂಳೆ ಸಿಕ್ತು" ಎಂದಳು. ಕೊಂಬೆ ನಿಲ್ಲಿಸಲಿಲ್ಲ. "ಊರೋರ ಮುಂದೆ ಮುಂಗುಸಿ ಅಂತಿದ್ದಲ್ಲ. ನನ್ ಮುಂದೆನೂ ಅನ್ನು."

ಮೂರು ತಾಲ್ಲೂಕಿನ ಮೀನುಗಳನ್ನು ಮಾತಿನಲ್ಲೇ ದಡಕ್ಕೆ ಎಳೆಯುತ್ತಿದ್ದವನು ಅವಳ ಮುಂದೆ ಕುಕ್ಕರಿಸಿದ. ಚೀಲದಿಂದ ಡಬ್ಬಿ ತೆಗೆದ. ಉಳಿದಿದ್ದವು ಏಳು ಕುಚ್ಚು. ಲೆಕ್ಕ ಸರಿಯಾಗಿ ಏಳೇ, ಒಂದೂ ಹೆಚ್ಚಿಲ್ಲ. ಒಂದೊಂದಾಗಿ ಗಾಳ ಬಿಚ್ಚಿ ಎಸೆದು, ಕೂದಲನ್ನು ಅದೇ ಕೆಂಪು ದಾರದಿಂದ ಕರಿಯನ ಬಾಲಕ್ಕೆ ಕಟ್ಟತೊಡಗಿದ. ಸಾವಿರ ಕುಚ್ಚು ಕಟ್ಟಿದ ಕೈಗೂ ಗಂಟು ಕೂರಲಿಲ್ಲ. ಎರಡು ಸಲ ಬಿಚ್ಚಿ ಕಟ್ಟಿದ.

ಏಳನೆಯದು ಮುಗಿದಾಗ ಕರಿಯ ಬಾಲ ಎತ್ತಿದ. ಒಂದು ಸಲ ಬೀಸಿದ. ನೊಣಗಳು ಎದ್ದವು. ಪುಟ್ಟಗಂಗಮ್ಮನ ಕೈಯ ಕೊಂಬೆ ತಾನಾಗಿ ನಿಂತಿತು. ಇಬ್ಬರೂ ಇನ್ನೊಂದು ಸಲಕ್ಕೆ ಕಾದರು. ಬಾಲ ನೆಲದ ಮೇಲೆಯೇ ಇತ್ತು. ನೊಣಗಳು ಬಂದು ಕೂತವು. ಅವಳು ಮತ್ತೆ ಬೀಸತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಕರಿಯನ ಉಸಿರು ನಿಂತಿತು. ಅವಳು ಆಮೇಲೂ ಬೀಸುತ್ತಿದ್ದಳು.

ತೋಟದ ಮೂಲೆಯ ತೆಂಗಿನಮರದ ಪಕ್ಕ ಗುಂಡಿ ತೋಡಿದರು. ಸುದ್ದಿ ಕೇಳಿ ಲಕ್ಷ್ಮಯ್ಯ ಸೈಕಲ್ಲಿನಲ್ಲಿ ಬಂದ. ಉಪ್ಪು ಸುರಿಯುವಾಗ ಅವನ ಕಣ್ಣು ಬಾಲದ ಮೇಲೆ ಬಿತ್ತು.

"ಇದ್ಯಾಕ್ಲಾ ರಂಗ, ಬಾಲಕ್ಕೆ ಕೆಂಪು ದಾರ?"

"ಮುಂಗುಸಿ ಅಂದಿದ್ನಲ್ಲ" ಎಂದ ರಂಗಯ್ಯ. "ಇದೇ ಕಣ್ಲಾ ಅದು."

ಲಕ್ಷ್ಮಯ್ಯ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡಿದ್ದ ತನ್ನ ಪಾಲಿನ ಕುಚ್ಚನ್ನು ತೆಗೆದು ಗುಂಡಿಯತ್ತ ಕೈ ಚಾಚಿದ. ಪುಟ್ಟಗಂಗಮ್ಮ ಅವನ ಕೈ ಹಿಡಿದಳು.

"ಗಾಳ ಬ್ಯಾಡ ಕಣಣ್ಣ. ಚುಚ್ತದೆ ಅದ್ಕೆ."

ದಾರವನ್ನು ಹಲ್ಲಿನಲ್ಲಿ ಕಡಿದು, ಗಾಳ ಬಿಡಿಸಿ ಗಂಡನ ಕೈಗೆ ಕೊಟ್ಟಳು. ಕೂದಲನ್ನು ಕಣ್ಣಿಗೊತ್ತಿಕೊಂಡು ಗುಂಡಿಗೆ ಬಿಟ್ಟಳು.