ತಂಗಿಯ ಹಡಗು ತುಳಿಯದ ಎವಾರಿಸ್ತೊ

ಇಲೊಯ್ಲೊ ನದಿಯ ಧಕ್ಕೆಯಲ್ಲಿ ಎರಡು ಹಡಗುಗಳು ಒಂದರ ಪಕ್ಕ ಒಂದು ಕಟ್ಟಿಕೊಂಡು ನಿಂತಾಗ, ಹೊರಗಿನ ಹಡಗಿಗೆ ಹೋಗಬೇಕಾದವರು ಒಳಗಿನ ಹಡಗಿನ ಡೆಕ್ಕನ್ನು ದಾಟಿಯೇ ಹೋಗಬೇಕು. ಹಮಾಲರು ಹಾಗೇ ಹೋಗುತ್ತಾರೆ, ಪಾದ್ರಿಗಳು ಹಾಗೇ ಹೋಗುತ್ತಾರೆ, ಕಾಲು ಕಟ್ಟಿಸಿಕೊಂಡ ಹಂದಿಗಳೂ ಹಾಗೇ ಹೋಗುತ್ತವೆ. ಎವಾರಿಸ್ತೊ ಸೊರೊಂಗೊನ್ ಮಾತ್ರ ಹೋಗುತ್ತಿರಲಿಲ್ಲ. ಎಪ್ಪತ್ತರ ಅಂಚಿನಲ್ಲಿದ್ದ ಆ ಮನುಷ್ಯ ಪಾಚಿಗಟ್ಟಿದ ಮೆಟ್ಟಿಲಿಳಿದು, ಮುದುಕ ಎಸ್ತೆಬಾನನ ಪುಟ್ಟ ದೋಣಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಮುದುರಿ ಕುಳಿತು, ಒಳಗಿನ ಹಡಗನ್ನು ಇಡಿಯಾಗಿ ಸುತ್ತುಹಾಕಿ, ಹಗ್ಗದ ಏಣಿ ಹಿಡಿದು ತನ್ನ ಹಡಗನ್ನು ಹತ್ತುತ್ತಿದ್ದ. ಇಪ್ಪತ್ತು ಹೆಜ್ಜೆಯ ದಾರಿಗೆ ಅರ್ಧ ತಾಸು. ಕಾರಣ ಇಷ್ಟೆ, ಒಳಗಿನ ಹಡಗು ಅವನ ತಂಗಿಯದು.

ಸೊರೊಂಗೊನ್ ಮನೆತನದ ಐದು ಹಡಗುಗಳಲ್ಲಿ ಮೂರು ಮರದವು, ಹತ್ತಿರದ ದ್ವೀಪಗಳಿಗೆ ಅಕ್ಕಿ ಸಿಮೆಂಟು ಹೊತ್ತುಕೊಂಡು ಹೋಗಿಬರುವಂಥವು. ದೂರದ ಕುಯೊ ದ್ವೀಪಕ್ಕೆ ಹೋಗುವ ಎರಡು ಕಬ್ಬಿಣದ ಹಡಗುಗಳಿಗೆ ಅಪ್ಪ ಹೊನೊರಿಯೊ ತನ್ನಿಬ್ಬರು ಮಕ್ಕಳ ಹೆಸರಿನ ಸಂತರ ಹೆಸರಿಟ್ಟಿದ್ದ: ಸಾನ್ ಎವಾರಿಸ್ತೊ, ಸಾಂತಾ ಫಿಲೊಮೆನಾ. ಹೊಸ ಹಡಗು ನೀರಿಗಿಳಿಯುವ ಮುನ್ನ ಅದರ ಮೂತಿಗೆ ಕೋಳಿಯ ರಕ್ತ ಹಚ್ಚುವುದು ಇಲ್ಲಿಯ ಪದ್ಧತಿ. ಸಾನ್ ಎವಾರಿಸ್ತೊ ಇಳಿಯುವ ದಿನ ಕೋಳಿ ಅಪ್ಪನ ಕೈಯಿಂದ ಕೊಸರಿಕೊಂಡು ನದಿಗೆ ಹಾರಿತು. ಮಧ್ಯಾಹ್ನದ ಸಾರಿಗೆಂದು ಅಡುಗೆಮನೆಯಲ್ಲಿ ಅದಾಗಲೇ ಕೊಯ್ದಿದ್ದ ಇನ್ನೊಂದರ ರಕ್ತವನ್ನು ಬಟ್ಟಲಲ್ಲಿ ತಂದು ಹಚ್ಚಿ ಮುಗಿಸಿದರು. ನಾಲ್ಕು ವರ್ಷದ ಮೇಲೆ ತಂಗಿಯ ಹಡಗಿನ ಸರದಿ ಬಂದಾಗ ಕೋಳಿ ಕಣ್ಣುಮುಚ್ಚಿ ಸುಮ್ಮನೆ ಕತ್ತು ಕೊಟ್ಟಿತಂತೆ. ತನ್ನ ಹಡಗಿನ ನಿಧಾನಕ್ಕೆ ಎವಾರಿಸ್ತೊ ಕೊಡುತ್ತಿದ್ದ ಏಕೈಕ ವಿವರಣೆ ಇದು. ಎಂಜಿನ್ನಿನ ವಯಸ್ಸಿನ ಮಾತೆತ್ತಿದವರನ್ನು ಅವನು ಮತ್ತೆ ಮಾತಾಡಿಸುತ್ತಿರಲಿಲ್ಲ.

ಮೊದಲು ಬಂದ ಹಡಗಿಗೆ ಒಳಗಿನ ಜಾಗ ಎಂಬುದು ಅಪ್ಪ ಮಾಡಿಟ್ಟ ಕಟ್ಟಳೆ. ಎರಡೂ ಕುಯೊದಿಂದ ಶುಕ್ರವಾರವೇ ಹೊರಡುತ್ತಿದ್ದವು. ಶನಿವಾರ ಒಂಬತ್ತಕ್ಕೆ ಸಾಂತಾ ಫಿಲೊಮೆನಾ ಬಂದು ಗೋದಾಮಿನ ಬಾಗಿಲಿಗೇ ಮೈಯೊಡ್ಡಿ ನಿಲ್ಲುತ್ತಿತ್ತು. ಮಧ್ಯಾಹ್ನ ಕೆಮ್ಮುತ್ತ ಕೆಮ್ಮುತ್ತ ಸಾನ್ ಎವಾರಿಸ್ತೊ ಬಂದು ಅದರ ಹೊರಮಗ್ಗುಲಿಗೆ ಹಗ್ಗ ಎಸೆಯುತ್ತಿತ್ತು. ಬೇಗ ತಲುಪಬೇಕಾದ ಫ್ರಿಜ್ಜು, ಮೋಟಾರುಬೈಕು, ಮದುವೆಯ ಉಡುಪಿನ ಪೆಟ್ಟಿಗೆ ಅವಳ ಪಾಲು. ಹಂದಿ, ಒಣಮೀನು, ಕೊಬ್ಬರಿಯ ಘಾಟು ಇವನ ಪಾಲು. ಮೂವತ್ತೊಂದು ವರ್ಷ ಹೀಗೇ ನಡೆಯಿತು. ಅದರಲ್ಲಿ ಇಪ್ಪತ್ತಮೂರು ವರ್ಷ ಕಪ್ತಾನನಾಗಿ ಅವನೇ ಚುಕ್ಕಾಣಿ ಹಿಡಿದಿದ್ದ. ಕಣ್ಣಿಗೆ ಪೊರೆ ಬಂದು ದಡ ಸೇರಿದ ಮೇಲೂ ಅಪ್ಪನ ಖಾಕಿ ಕೋಟು ತೊಟ್ಟು, ನೆಲವೇ ಓಲಾಡುತ್ತಿದೆಯೇನೋ ಎಂಬಂತೆ ಕಾಲಗಲಿಸಿ ನಡೆಯುತ್ತ, ಶನಿವಾರ ಬೆಳಿಗ್ಗೆಯೇ ಬಂದು ಹಗ್ಗದ ಸುರುಳಿಯ ಮೇಲೆ ಕೂರುತ್ತಿದ್ದ. ಆ ಕೋಟಿನ ಒಂದು ಹಿತ್ತಾಳೆ ಗುಂಡಿ ಕಾಣೆಯಾಗಿತ್ತು; ಅದು ತಂಗಿಯ ಬಳಿಯೇ ಇದೆಯೆಂದು ಅವನ ನಂಬಿಕೆ. ಅಪ್ಪ ಅವಳಿಗೆ ಕಂಪನಿಯನ್ನೇ ಕೊಟ್ಟಿದ್ದ, ಆದರೆ ಎವಾರಿಸ್ತೊನ ಎದೆಯನ್ನು ಹೆಚ್ಚು ಸುಡುತ್ತಿದ್ದುದು ಆ ಗುಂಡಿ.

"ನೋಡ್ತಾ ಇರಿ, ಒಂದಲ್ಲ ಒಂದು ಶನಿವಾರ..." ಎನ್ನುವುದು ಅವನ ಮಾತಿನ ಚಾಳಿ. ವಾಕ್ಯವನ್ನು ಅವನು ಮುಗಿಸುತ್ತಿರಲಿಲ್ಲ, ಧಕ್ಕೆಯ ನಮಗೆಲ್ಲ ಅದರ ಉಳಿದರ್ಧ ಗೊತ್ತಿತ್ತು: ತನ್ನ ಹಡಗೇ ಮೊದಲು ಬರುತ್ತದೆ.

ಕುಯೊದಲ್ಲಿ ತಾಯಿ ತೀರಿಕೊಂಡಾಗಲೂ ಅವನು ತಂಗಿಯ ಹಡಗು ಹತ್ತಲಿಲ್ಲ. ತನ್ನದರಲ್ಲೇ ಹೊರಟ. ಅಣ್ಣ ಬರಲೆಂದು ಫಿಲೊಮೆನಾ ಪಾದ್ರಿಯ ಬೈಗುಳ ತಿಂದುಕೊಂಡು ಎರಡು ತಾಸು ಶವಪೆಟ್ಟಿಗೆಯನ್ನು ಕಾಯಿಸಿದಳು, ಬಿಸಿಲೇರಿದ ಮೇಲೆ ಕಾಯಿಸಲಾಗಲಿಲ್ಲ. ಅವನು ತಲುಪುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಅಂದು ಅವನು ಅತ್ತದ್ದು ತಾಯಿ ಹೋದದ್ದಕ್ಕೋ, ಕೊನೆಯ ಹಿಡಿ ಮಣ್ಣೂ ತಂಗಿಯ ಪಾಲಾದದ್ದಕ್ಕೋ, ಅವನಿಗೇ ತಿಳಿದಿರಲಿಕ್ಕಿಲ್ಲ.

ಸಾನ್ ಎವಾರಿಸ್ತೊವನ್ನು ಒಡೆದು ಗುಜರಿಗೆ ಹಾಕುವವರಿಗೆ ಕೊಡಲೇಬೇಕಾಗಿದೆ, ಇನ್ನೊಂದೇ ಯಾನ ಎಂಬ ಸುದ್ದಿಯನ್ನು ಫಿಲೊಮೆನಾ ತಾನೇ ಬಂದು ಹೇಳಿದಳು. ಅವನು ಯಾಕೆಂದು ಕೇಳಲಿಲ್ಲ.

"ನಿಂದು ಯಾವಾಗ ಒಡೆಸ್ತೀಯ, ಇಂದಾಯ್?" ಎಂದ, ಇಲ್ಲಿ ತಂಗಿಯರನ್ನು ಕರೆಯುವಂತೆ.

"ಅದಿನ್ನೂ ಚೆನ್ನಾಗಿ ಓಡ್ತಾ ಇದೆಯಲ್ಲ, ಮನೋಂಗ್," ಎಂದಳು, ಅಣ್ಣಂದಿರನ್ನು ಕರೆಯುವಂತೆ.

ಅಲ್ಲಿಗೆ ಅವನಿಗೆ ಉಳಿದದ್ದು ಒಂದೇ ಶನಿವಾರ. ಅಂದು ಎಂದಿಗಿಂತ ಮೊದಲೇ ಬಂದು ಕುಳಿತ. ಒಂಬತ್ತಕ್ಕೆ ಅಳಿವೆಯ ಕಡೆಯಿಂದ ಸಾಂತಾ ಫಿಲೊಮೆನಾದ ಸದ್ದು ಬಂತು. ಕಣ್ಣು ಮಬ್ಬಾದರೂ ಆ ಸದ್ದನ್ನು ನೂರರ ನಡುವೆ ಅವನು ಗುರುತಿಸಬಲ್ಲ. ಆದರೆ ಸದ್ದು ಹತ್ತಿರವಾಗಲಿಲ್ಲ, ಅಲ್ಲೇ ಒಂದೇ ಸಮನೆ ಗುನುಗುತ್ತ ನಿಂತಿತು. ಹತ್ತಾಯಿತು, ಹನ್ನೊಂದಾಯಿತು. ಹನ್ನೆರಡು ದಾಟಿದ ಮೇಲೆ ಆ ಗುನುಗನ್ನು ಹಿಂದೆ ಹಾಕಿ ಪರಿಚಿತವಾದ ಕೆಮ್ಮು ಮುಂದೆ ಬಂತು. ಸಾನ್ ಎವಾರಿಸ್ತೊ ಗೋದಾಮಿನ ಬಾಗಿಲಿಗೆ ಬಂದು ನಿಂತಿತು, ಹಮಾಲರು ಚಪ್ಪಾಳೆ ತಟ್ಟಿದರು. ಅವನೊಬ್ಬನೇ ಮುಖ ಗಂಟಿಕ್ಕಿಕೊಂಡು ಕುಳಿತಿದ್ದ. ಅರ್ಧ ತಾಸಿನ ಮೇಲೆ ಸಾಂತಾ ಫಿಲೊಮೆನಾ ಬಂದು ಮೊದಲ ಬಾರಿಗೆ ಹೊರಮಗ್ಗುಲಿಗೆ ಕಟ್ಟಿಕೊಂಡಿತು. ತಂಗಿ ಆಫೀಸಿನಿಂದ ಇಳಿದು ಬಂದಳು.

"ಎಂಜಿನ್ ಕೆಟ್ಟಿತ್ತಾ?" ಎಂದು ಕೇಳಿದ.

"ಹೂಂ, ಮನೋಂಗ್. ಅಳಿವೆ ಹತ್ರ ನಿಂತೇ ಹೋಯ್ತಂತೆ."

"ಮೂರು ತಾಸಿಂದ ಅದರ ಸದ್ದು ಕೇಳ್ತಾ ಕೂತಿದ್ದೀನಿ. ನಿಂತ ಎಂಜಿನ್ನು ಸದ್ದು ಮಾಡಲ್ಲ."

ಅವಳು ತಲೆ ತಗ್ಗಿಸಿದಳು.

"ಬಿಟ್ಟುಕೊಡೋದು ಒಂದು ಉಳಿದಿತ್ತು," ಎಂದ ಎವಾರಿಸ್ತೊ. "ಒಂದಿನ ನಾನು ಗೆದ್ದು, ಜಾಗಾನ ನಿನಗೆ ಬಿಟ್ಟುಕೊಡಬೇಕು ಅಂತಿದ್ದೆ. ಅದರಲ್ಲೂ ನೀನೇ ಮೊದಲಾದೆ."

ಕೋಟು ಎಳೆದುಕೊಂಡು ಎದ್ದು ಮೆಟ್ಟಿಲಿಳಿದ. ನಿಮ್ಮ ಹಡಗು ಇವತ್ತು ಇಲ್ಲೇ ಇದೆಯಲ್ಲ, ದೋಣಿ ಯಾಕೆ ಎಂದು ಎಸ್ತೆಬಾನ್ ಗೊಣಗಿದ. ಹೊರಗಿನದಕ್ಕೆ ಬಿಡು ಎಂದಷ್ಟೇ ಹೇಳಿ ಎವಾರಿಸ್ತೊ ಎಂದಿನಂತೆ ಮುದುರಿ ಕುಳಿತ. ಹಗ್ಗದ ಏಣಿ ಹಿಡಿದು ಸಾಂತಾ ಫಿಲೊಮೆನಾವನ್ನು ಹತ್ತಿ, ಮೂವತ್ತೊಂದು ವರ್ಷ ತುಳಿಯದ ಆ ಡೆಕ್ಕನ್ನು ಕಾಲಗಲಿಸಿ ನಿಧಾನವಾಗಿ ದಾಟಿದ. ನಡುದಾರಿಯಲ್ಲಿ ನಿಂತು, ಬಗ್ಗಿ, ಅಂಗೈಯಗಲದ ತುಕ್ಕನ್ನು ಬೆರಳಿನಿಂದ ಉಜ್ಜಿ ನೋಡಿ ಅವಳ ಕಪ್ತಾನನಿಗೆ ತೋರಿಸಿದ. ಎವಾರಿಸ್ತೊನ ಮುಖ ಅಂದು ಅರಳಿದ್ದು ಆಗೊಮ್ಮೆ ಮಾತ್ರ. ಆಮೇಲೆ ತನ್ನ ಹಡಗಿಗೆ ಕಾಲಿಟ್ಟ.

ಅಸೂಯೆಪಡುವವರನ್ನು ಸಣ್ಣ ಮನಸ್ಸಿನವರೆಂದು ದೂರವಿಡುವುದು ಲೋಕರೂಢಿ. ಆದರೆ ಇನ್ನೊಬ್ಬರ ಎಂಜಿನ್ನಿನ ಸದ್ದಿಗೆ ಮೂವತ್ತೊಂದು ವರ್ಷ ಕಿವಿಗೊಟ್ಟು ಕೂರುವ ಶ್ರದ್ಧೆ ಪ್ರೀತಿಸುವವರಲ್ಲೂ ನಾನು ಕಂಡದ್ದು ಕಡಿಮೆ. ಸೋಲು ಇಂಥವರಿಗೆ ಅಭ್ಯಾಸವಾಗಿರುತ್ತದೆ, ಅದರೊಂದಿಗೆ ಉಂಡು ಮಲಗಿ ಎದ್ದು ಬದುಕಿರುತ್ತಾರೆ. ಕರುಣೆಯಿಂದ ಯಾರಾದರೂ ಗೆಲುವನ್ನು ತಂದು ಅವರ ಕೈಗಿಟ್ಟರೆ, ಬರಲಿರುವ ಶನಿವಾರಗಳನ್ನೆಲ್ಲ ಕಸಿದುಕೊಂಡಂತಾಗುತ್ತದೆ.